ತತ್ತ್ವಶಾಸ್ತ್ರ: ಒಂದು ಪ್ರವೇಶ

ವಾಚನಾಲಯಕ್ಕೆ ಬರುವ ಸ್ನೇಹಿತರೊಬ್ಬರು ಒಂದು ಸಂಜೆ ಕೇಳಿದರು: “ತತ್ತ್ವಶಾಸ್ತ್ರವೆಂದರೆ ಉಂಡು ಹಾಯಾಗಿ ಕುಳಿತವರ ಮಾತಲ್ಲವೆ? ಬೆಳಗಾದರೆ ಲೋಕಲ್ ಗಾಡಿ ಹಿಡಿಯಲು ಓಡುವ ನಮಗೆ ಅದೇಕೆ ಬೇಕು?” ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಶಾಸ್ತ್ರವನ್ನು ಬೆಳೆಸಿದವರೆಲ್ಲ ಹಾಯಾಗಿ ಕುಳಿತವರಲ್ಲ. ಎಪಿಕ್ಟೀಟಸ್ ಎಂಬ ಮಹಾನುಭಾವನು ರೋಮಿನಲ್ಲಿ ಗುಲಾಮನಾಗಿದ್ದವನು. ಹಾಲೆಂಡಿನ ಸ್ಪಿನೋಜಾ (1632–1677) ಮಸೂರಗಳನ್ನು ಉಜ್ಜುವ ಕಸುಬು ಮಾಡುತ್ತಲೇ ಗ್ರಂಥ ಬರೆದನು. ತತ್ತ್ವಶಾಸ್ತ್ರವು ನಮಗೇಕೆ ಬೇಕು ಎಂಬುದಕ್ಕೆ ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ಅದು ಹೆಮ್ಮೆಯಿಂದ ಹೇಳುವ ಮಾತಲ್ಲ.

ನಾನು ಮುಂಬಯಿಗೆ ಬಂದ ಹೊಸತರಲ್ಲಿ ನಾವು ನಾಲ್ವರು ಒಂದು ಚಾಳಿನ ಖೋಲಿಯಲ್ಲಿ ಇದ್ದೆವು. ಮೂವರು ಗುಮಾಸ್ತರು, ನಾಲ್ಕನೆಯವನು ಹೋಟೆಲಿನಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ. ಒಂದು ದಿನ ನನ್ನ ಪೆಟ್ಟಿಗೆಯಲ್ಲಿಟ್ಟಿದ್ದ ಐನೂರು ರೂಪಾಯಿ ಕಾಣಲಿಲ್ಲ. ಆ ಮಧ್ಯಾಹ್ನ ಖೋಲಿಯಲ್ಲಿ ಇದ್ದವನು ಹುಡುಗನೊಬ್ಬನೇ. ಅವನು ನೋಟು ಎಣಿಸುತ್ತಿದ್ದುದನ್ನು ಕಂಡೆನೆಂದು ನೆರೆಯವರೊಬ್ಬರು ಹೇಳಿದರು. “ಹುಟ್ಟುಗುಣ ಸುಟ್ಟರೂ ಹೋಗದು” ಎಂದು ಜೊತೆಯವರೊಬ್ಬರು ಗಾದೆಯನ್ನೂ ಸೇರಿಸಿದರು. ನಾವು ಅವನನ್ನು ಹೊರಡಲು ಹೇಳಿದೆವು. ಅವನು ಹಾಸಿಗೆ ಸುತ್ತಿಕೊಂಡು ಹೊರಟುಹೋದನು. ಎರಡು ತಿಂಗಳ ಬಳಿಕ ಪೆಟ್ಟಿಗೆಯ ತಳದಲ್ಲಿ ಹಾಸಿದ್ದ ಹಳೆಯ ಪತ್ರಿಕೆಯ ಮಡಿಕೆಯಲ್ಲಿ ನನ್ನ ಹಣ ಸಿಕ್ಕಿತು.

ಈ ಒಂದು ಘಟನೆಯಲ್ಲಿ ತತ್ತ್ವಶಾಸ್ತ್ರದ ಮುಖ್ಯ ಶಾಖೆಗಳನ್ನು ಕಾಣಬಹುದು. ಗ್ರೀಕ್ ಭಾಷೆಯಲ್ಲಿ ಈ ಶಾಸ್ತ್ರದ ಹೆಸರಿಗೆ ‘ಜ್ಞಾನದ ಮೇಲಿನ ಪ್ರೀತಿ’ ಎಂದು ಅರ್ಥ. ನಮ್ಮಲ್ಲಿ ಇದನ್ನು ‘ದರ್ಶನ’, ಎಂದರೆ ನೋಟ, ಎಂದು ಕರೆದರು. ನಾವು ನಂಬಿದ್ದನ್ನು ನಿಲ್ಲಿಸಿ, “ಇದು ಹೌದೆ? ಏಕೆ ಹೌದು?” ಎಂದು ಕೇಳುವುದೇ ಇದರ ಆರಂಭ.

1. ತರ್ಕಶಾಸ್ತ್ರ. ಒಂದು ಮಾತಿನಿಂದ ಇನ್ನೊಂದು ಮಾತು ಸರಿಯಾಗಿ ಹೊರಡುತ್ತದೆಯೇ ಎಂದು ಪರೀಕ್ಷಿಸುವ ಶಾಸ್ತ್ರವಿದು. ಗ್ರೀಸಿನಲ್ಲಿ ಅರಿಸ್ಟಾಟಲನೂ (ಕ್ರಿ.ಪೂ. 384–322) ನಮ್ಮ ದೇಶದಲ್ಲಿ ನ್ಯಾಯದರ್ಶನದವರೂ ಇದನ್ನು ಕ್ರಮಪಡಿಸಿದರು. ಬೆಟ್ಟದ ಮೇಲೆ ಹೊಗೆಯಿದೆ, ಆದುದರಿಂದ ಬೆಂಕಿಯಿದೆ ಎಂಬುದು ನೈಯಾಯಿಕರ ಪ್ರಸಿದ್ಧ ಉದಾಹರಣೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ತಪ್ಪದ ಸಂಬಂಧವೇ ಇಲ್ಲಿ ಆಧಾರ. ಅದಕ್ಕೆ ‘ವ್ಯಾಪ್ತಿ’ ಎಂದು ಹೆಸರು. ನಮ್ಮ ವಾದವೇನಿತ್ತು? “ಅವನೊಬ್ಬನೇ ಇದ್ದನು, ಆದುದರಿಂದ ಅವನೇ ಕದ್ದನು.” ಒಬ್ಬನೇ ಇದ್ದವನೆಲ್ಲ ಕದಿಯುತ್ತಾನೆಯೇ? ಇಲ್ಲ. ವ್ಯಾಪ್ತಿಯೇ ಇಲ್ಲದ ವಾದವದು. ಇಂಥ ಹುಸಿ ಕಾರಣವನ್ನು ನೈಯಾಯಿಕರು ‘ಹೇತ್ವಾಭಾಸ’ ಎಂದರು.

2. ಜ್ಞಾನಮೀಮಾಂಸೆ. ನಮಗೆ ತಿಳಿದಿದೆ ಎನ್ನುವುದು ನಿಜವಾಗಿ ತಿಳಿದದ್ದೇ? ತಿಳಿವಿಗೆ ಬಾಗಿಲುಗಳೆಷ್ಟು? ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ನೈಯಾಯಿಕರು ಒಪ್ಪಿದರು. ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು. ಫ್ರಾನ್ಸಿನ ಡೇಕಾರ್ಟನು 1641ರ ತನ್ನ ಗ್ರಂಥದಲ್ಲಿ ಸಂದೇಹಪಡಬಹುದಾದುದನ್ನೆಲ್ಲ ಸಂದೇಹಿಸಿ ನೋಡಿದನು. ನಮ್ಮ ಖೋಲಿಗೆ ಬರೋಣ. ಹಣ ಕಾಣದು ಎಂಬುದು ನಾವು ಕಂಡದ್ದು. ಹಣ ಕಳುವಾಯಿತು ಎಂಬುದು ನಾವು ಊಹಿಸಿದ್ದು. ಎರಡನ್ನೂ ಒಂದೇ ಎಂದು ತಿಳಿದೆವು. ಇನ್ನು ನೆರೆಯವರ ಮಾತು ‘ಶಬ್ದ’ ಪ್ರಮಾಣ. ಅವರು ಸುಳ್ಳಾಡಲಿಲ್ಲ. ಹುಡುಗನಿಗೆ ಅಂದು ಸಂಬಳವಾಗಿತ್ತು. ಅವನು ಎಣಿಸಿದ್ದು ತನ್ನ ನೋಟುಗಳನ್ನೇ. ಹೇಳಿದವರ ಕಣ್ಣು ಸರಿಯಾಗಿತ್ತು, ಕೇಳಿದ ನಮ್ಮ ಬುದ್ಧಿ ಸರಿಯಾಗಿರಲಿಲ್ಲ.

3. ಸತ್ತಾಮೀಮಾಂಸೆ. ‘ಸತ್ತಾ’ ಎಂದರೆ ಇರುವಿಕೆ. ನಿಜವಾಗಿ ಇರುವುದು ಯಾವುದು? ಜಗತ್ತು, ಜೀವ, ಈಶ್ವರ ಇವುಗಳ ಸಂಬಂಧವೇನು? ಅದ್ವೈತ, ವಿಶಿಷ್ಟಾದ್ವೈತ, ದ್ವೈತ ಎಂಬ ಮೂರು ಉತ್ತರಗಳಿಗೂ ಕನ್ನಡನಾಡಿನ ನಂಟಿದೆ. ಶೃಂಗೇರಿಯ ಪೀಠವನ್ನು ಶಂಕರರು ಸ್ಥಾಪಿಸಿದರೆಂಬುದು ಸಂಪ್ರದಾಯ. ರಾಮಾನುಜರು ಮೇಲುಕೋಟೆಯಲ್ಲಿ ನೆಲೆಸಿದ್ದರು. ಮಧ್ವರು ಉಡುಪಿಯ ಬಳಿ ಹುಟ್ಟಿದವರು. ಮನುಷ್ಯನ ಸ್ವಭಾವವೆಂಬುದು ಬದಲಾಗದ ವಸ್ತುವೇ, ಅವನಿಗೆ ಇಚ್ಛಾಸ್ವಾತಂತ್ರ್ಯವಿದೆಯೇ ಎಂಬುದೂ ಈ ಶಾಖೆಯ ಪ್ರಶ್ನೆಯೇ. “ಹುಟ್ಟುಗುಣ ಸುಟ್ಟರೂ ಹೋಗದು” ಎಂದಾಗ ನಾವು ಈ ದೊಡ್ಡ ಪ್ರಶ್ನೆಗೆ ಒಂದು ನಿಮಿಷದಲ್ಲಿ ಉತ್ತರ ಕೊಟ್ಟುಬಿಟ್ಟಿದ್ದೆವು. ಆ ಹುಡುಗನ ಹುಟ್ಟುಗುಣವೇನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

4. ನೀತಿಶಾಸ್ತ್ರ. ಯಾವುದು ಒಳ್ಳೆಯದು, ಏನು ಮಾಡಬೇಕು ಎಂಬ ವಿಚಾರ. ಇಂಗ್ಲೆಂಡಿನ ಮಿಲ್ (1806–1873) ಕಾರ್ಯದ ಫಲವನ್ನು ನೋಡೆಂದನು: ಹೆಚ್ಚು ಸುಖವನ್ನು ತರುವ ಕಾರ್ಯವೇ ಸರಿ. ಜರ್ಮನಿಯ ಕಾಂಟ್ (1724–1804) ಕರ್ತವ್ಯವನ್ನು ನೋಡೆಂದನು: ಮನುಷ್ಯನನ್ನು ಬರಿಯ ಸಾಧನವಾಗಿ ಎಂದೂ ಬಳಸಕೂಡದು. ಹುಡುಗನು ಹೋದ ಮೇಲೆ ಮೂವರಿಗೂ ನೆಮ್ಮದಿಯಾಯಿತು; ಮೂವರ ಸುಖವು ಒಬ್ಬನ ದುಃಖಕ್ಕಿಂತ ಹೆಚ್ಚೆಂದು ಲೆಕ್ಕ ಹಾಕಬಹುದೇ? ಮಿಲ್ಲನೂ ನ್ಯಾಯವನ್ನು ಅಷ್ಟು ಹಗುರವಾಗಿ ಕಾಣಲಿಲ್ಲ. ನಮ್ಮ ನೆಮ್ಮದಿಗೆ ಆ ಹುಡುಗನನ್ನು ಸಾಧನ ಮಾಡಿಕೊಂಡೆವೆಂಬುದೇ ಸತ್ಯ.

5. ಸೌಂದರ್ಯಮೀಮಾಂಸೆ. ಚೆಲುವು ಎಂದರೇನು? ಕಲೆಯಿಂದ ಆಗುವ ಆನಂದ ಎಂಥದು? ಭರತನ ನಾಟ್ಯಶಾಸ್ತ್ರವು ಎಂಟು ರಸಗಳನ್ನು ಹೇಳಿದೆ. ಕಾವ್ಯದ ಚೆಲುವನ್ನು ಚರ್ಚಿಸುವ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲೇ ಕನ್ನಡದಲ್ಲಿ ಹುಟ್ಟಿತು. ಯಕ್ಷಗಾನ ನೋಡಲು ಹೋದಾಗ, ಅನ್ಯಾಯಕ್ಕೊಳಗಾದವನ ದುಃಖಕ್ಕೆ ನಾವು ಕಣ್ಣೀರಿಡುತ್ತೇವೆ, ಮತ್ತೆ ಅದನ್ನೇ ನೋಡಬಯಸುತ್ತೇವೆ. ಇದು ಹೇಗೆ? ಅದೇ ದುಃಖ ನಮ್ಮ ಖೋಲಿಯ ಬಾಗಿಲಲ್ಲಿ ಹಾಸಿಗೆ ಸುತ್ತಿಕೊಂಡು ನಿಂತಾಗ ಕಣ್ಣು ಒದ್ದೆಯಾಗಲಿಲ್ಲವೇಕೆ? ಯೋಚಿಸತಕ್ಕ ಪ್ರಶ್ನೆ.

ತತ್ತ್ವಶಾಸ್ತ್ರವು ಕಳೆದ ಹಣವನ್ನು ಹುಡುಕಿಕೊಡುವುದಿಲ್ಲ, ಸಂಬಳವನ್ನೂ ಹೆಚ್ಚಿಸುವುದಿಲ್ಲ. ತೀರ್ಪು ಕೊಡುವ ಮುಂಚೆ ಒಂದು ಗಳಿಗೆ ತಡೆದು ನಿಲ್ಲುವುದನ್ನು ಅದು ಕಲಿಸುತ್ತದೆ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯು ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಪ್ರಶ್ನೆ ಕೇಳುವುದನ್ನು ಬಿಡಲು ಒಪ್ಪದೆ ಆತನು ವಿಷವನ್ನು ಕುಡಿದನು. ನಮ್ಮಿಂದ ಅಷ್ಟು ದೊಡ್ಡ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ಒಂದು ಗಳಿಗೆ ಸಾಕು.

ಹಣ ಸಿಕ್ಕಿದ ದಿನವೇ ಕ್ಷಮೆ ಕೇಳಲೆಂದು ಆ ಹೋಟೆಲಿಗೆ ಹೋದೆನು. ಅವನು ಕೆಲಸ ಬಿಟ್ಟಿದ್ದನು. ಊರಿಗೆ ಕಾಗದ ಬರೆಯೋಣವೆಂದರೆ ವಿಳಾಸವಿರಲಿಲ್ಲ. ಏಳು ತಿಂಗಳು ಒಂದೇ ಖೋಲಿಯಲ್ಲಿ ಮಲಗಿದ್ದರೂ, ನಿನ್ನ ಊರು ಯಾವುದಪ್ಪಾ ಎಂದು ನಾವು ಒಬ್ಬರೂ ಅವನನ್ನು ಕೇಳಿರಲಿಲ್ಲ.

ಅಭ್ಯಾಸಕ್ಕೆ: (1) ಈ ವಾರ ನೀವು ಇನ್ನೊಬ್ಬರ ವಿಷಯದಲ್ಲಿ ನಂಬಿದ ಒಂದು ಮಾತನ್ನು ಬರೆದುಕೊಳ್ಳಿ. ಅದರಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು, ಊಹಿಸಿದ್ದೆಷ್ಟು? (2) ನಿಮಗೆ ಪ್ರಿಯವಾದ ಒಂದು ಗಾದೆಯನ್ನು ತೆಗೆದುಕೊಂಡು, ಅದು ಎಲ್ಲೆಡೆಯೂ ನಿಜವೇ ಎಂದು ಪರೀಕ್ಷಿಸಿ. (3) ನಿಮ್ಮ ಖೋಲಿಯ ಜೊತೆಗಾರನ ಊರು ಯಾವುದು?