ಸಿವಿಲ್ ಮೇಲ್ಮನವಿ: ದಾಖಲೆ ಸಲ್ಲಿಕೆಯ ನಿಯಮಗಳು

ಆಧಾರ: ಸಿವಿಲ್ ಪ್ರಕ್ರಿಯಾ ಸಂಹಿತೆ 1908ರ ಕಲಂ 96 (ಪ್ರಥಮ ಮೇಲ್ಮನವಿ) ಮತ್ತು ಆದೇಶ 41.

ಸಲ್ಲಿಸಬೇಕಾದವು
• ಮೇಲ್ಮನವಿದಾರ ಅಥವಾ ವಕೀಲರು ಸಹಿ ಮಾಡಿದ ಮೇಲ್ಮನವಿ ಪತ್ರ. ಆಕ್ಷೇಪಣೆಯ ಕಾರಣಗಳನ್ನು ಕ್ರಮಸಂಖ್ಯೆ ಕೊಟ್ಟು, ಸಂಕ್ಷಿಪ್ತವಾಗಿ ಬರೆದಿರಬೇಕು. ಅದರಲ್ಲಿಲ್ಲದ ಕಾರಣವನ್ನು ನ್ಯಾಯಾಲಯದ ಅನುಮತಿಯಿಲ್ಲದೆ ವಾದಿಸುವಂತಿಲ್ಲ (ನಿಯಮ 2).
• ತೀರ್ಪಿನ ಪ್ರತಿ. ಹಿಂದೆ ಡಿಕ್ರಿಯ ಪ್ರತಿಯೂ ಬೇಕಿತ್ತು. 1999ರ ತಿದ್ದುಪಡಿ ಇದನ್ನು ಬದಲಿಸಿ, 2002ರ ಜುಲೈ 1ರಿಂದ ಜಾರಿಗೆ ಬಂತು.
• ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿ, ಜೊತೆಗೆ ಅಫಿಡವಿಟ್ (ನಿಯಮ 3ಎ).

ಕಾಲಮಿತಿ (ಕಾಲಮಿತಿ ಅಧಿನಿಯಮ 1963, ಅನುಚ್ಛೇದ 116)
• ಹೈಕೋರ್ಟ್: 90 ದಿನ
• ಇತರ ನ್ಯಾಯಾಲಯ: 30 ದಿನ

ಗಮನಿಸಿ: ದೃಢೀಕೃತ ನಕಲು ಪಡೆಯಲು ತಗುಲಿದ ಅವಧಿಯನ್ನು ಕಾಲಮಿತಿ ಅಧಿನಿಯಮದ ಕಲಂ 12 ಲೆಕ್ಕದಿಂದ ಬಿಡುತ್ತದೆ. ನಕಲಿನ ಮೇಲೆ ನಮೂದಾಗುವ ಅರ್ಜಿ ಕೊಟ್ಟ ದಿನ, ಪ್ರತಿ ಸಿದ್ಧವಾದ ದಿನಗಳೇ ಈ ಲೆಕ್ಕಕ್ಕೆ ಆಧಾರ. ಆದ್ದರಿಂದ ಸೋತ ಕಕ್ಷಿದಾರ ನಕಲಿಗೆ ತಡಮಾಡದೆ ಅರ್ಜಿ ಹಾಕಬೇಕು. ಅರ್ಜಿಗೂ ಮುನ್ನ ಕಳೆದ ದಿನಗಳಿಗೆ ಈ ವಿನಾಯಿತಿ ಇಲ್ಲ.

ಸಂಭವನೀಯ ಪ್ರಶ್ನೆ: ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಗೆ ತಡೆ ಸಿಗುತ್ತದೆಯೇ?
ಉತ್ತರ: ಇಲ್ಲ. ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಪಡೆಯಬೇಕು (ನಿಯಮ 5).