ಮೀನು ತಿನ್ನಬಹುದು, ಕರಿದದ್ದು ಬೇಡ

ಪೋತ್ನಾಳದ ಸಹೋದರಿಗೆ,

ನಿಮ್ಮ ಯಜಮಾನರ ವರದಿ ನೋಡಿದೆ. ಸೊಂಟದ ಸುತ್ತಳತೆ 98 ಸೆಂ.ಮೀ., ಟ್ರೈಗ್ಲಿಸರೈಡ್ 210, ಬಿಪಿ 140/90. ಐದು ಲಕ್ಷಣಗಳಲ್ಲಿ ಮೂರಿದ್ದರೆ ಅದು ಮೆಟಬಾಲಿಕ್ ಸಿಂಡ್ರೋಮ್. ಮೀನು ಧಾರಾಳವಾಗಿ ತಿನ್ನಲಿ, ವಾರಕ್ಕೆ ಎರಡು ಸಲ. ಆದರೆ ಅದನ್ನೇ ಔಷಧಿ ಎಂದು ನಂಬಬೇಡಿ. 58 ದೇಶಗಳ ಜನರ ಮಾಹಿತಿ ಸೇರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 175 ಗ್ರಾಂ ಮೀನಿನಿಂದ ಲಾಭ ಕಂಡದ್ದು ಆಗಲೇ ಹೃದ್ರೋಗ, ಪಾರ್ಶ್ವವಾಯು ಇದ್ದವರಲ್ಲಿ, ಉಳಿದವರಲ್ಲಿ ಅಲ್ಲ.

ರೋಹು, ಕಾಟ್ಲಾಗಳಲ್ಲಿ ಒಳ್ಳೆಯ ಪ್ರೋಟೀನ್ ಇದೆ. ಒಮೆಗಾ-3 ಮಾತ್ರ ಕರಾವಳಿಯ ಬಂಗುಡೆ, ಬೂತಾಯಿಗಿಂತ ಕಡಿಮೆ. ನನ್ನ ಚಿಂತೆ ಮೀನಿನದಲ್ಲ, ಅದರ ಜೊತೆಗಿನದು. ಖಾರ ಹಚ್ಚಿ ಬಾಣಲೆ ತುಂಬ ಎಣ್ಣೆಯಲ್ಲಿ ಕರಿದ ತುಂಡು, ಸಾರಿಗೆ ತಟ್ಟೆ ತುಂಬ ಅನ್ನ: ಟ್ರೈಗ್ಲಿಸರೈಡ್ ಏರಿಸುವುದು ಇವೇ. ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ಅನ್ನ ಬಿಡಿ ಎನ್ನುವುದು ಕಷ್ಟ, ಬಲ್ಲೆ. ಅರ್ಧಕ್ಕಿಳಿಸಿ. ಹುಣಸೆಹುಳಿ ಹಿಂಡಿ ಸಾರು ಮಾಡಿ, ಉಪ್ಪು ಕೈಹಿಡಿದು ಹಾಕಿ, ಪಕ್ಕದಲ್ಲಿ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ ಇರಲಿ.

ಬಿಪಿ ಮಾತ್ರೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ನಡೆಯುವಾಗ ಎದೆ ಹಿಡಿದಂತಾದರೆ ಮೀನು, ಮದ್ದು ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.