ಮುಗಿದ ಕಡತವನ್ನು ಮತ್ತೆ ತೆರೆಯುವ ಅಧಿಕಾರ

ಕಂಪನಿಯೊಂದರ ರಿಟರ್ನ್ ಪರಿಶೀಲಿಸಿ ಅದು ಕಟ್ಟಬೇಕಾದ ತೆರಿಗೆಯನ್ನು ನಿಗದಿಪಡಿಸುವ ಆದೇಶಕ್ಕೆ ತೆರಿಗೆ ನಿರ್ಧಾರಣೆ ಎನ್ನುತ್ತಾರೆ. ಆ ಆದೇಶ ಹೊರಬಿದ್ದ ಮೇಲೆ ಅದನ್ನು ಕದಲಿಸಲು 1961ರ ಆದಾಯ ತೆರಿಗೆ ಕಾಯ್ದೆ ಇಲಾಖೆಗೆ ಎರಡು ಮುಖ್ಯ ದಾರಿಗಳನ್ನು ಕೊಟ್ಟಿತು. 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾದರೂ ದಾರಿಗಳು ಉಳಿದಿವೆ. ತೆರಿಗೆಗೆ ಒಳಪಡಬೇಕಾದ ಆದಾಯ ತಪ್ಪಿಹೋಗಿದೆ ಎಂದು 147ನೇ ಕಲಮಿನಡಿ ನಿರ್ಧಾರಣಾಧಿಕಾರಿಯೇ ಕಡತವನ್ನು ಮತ್ತೆ ತೆರೆಯಬಹುದು. 263ನೇ ಕಲಮಿನಡಿ ಪ್ರಧಾನ ಆಯುಕ್ತರು ಕೈಕೆಳಗಿನ ಅಧಿಕಾರಿಯ ಆದೇಶವನ್ನು ತಾವಾಗಿ ತರಿಸಿಕೊಂಡು ಪರಿಷ್ಕರಿಸಬಹುದು. ಈ ಅಧಿಕಾರಗಳಿಗಿರುವ ಮುಖ್ಯ ಕಡಿವಾಣ ಕಾಲಮಿತಿಯೇ ಎಂಬ ಭಾವನೆ ಕಂಪನಿಗಳ ಲೆಕ್ಕಪತ್ರ ವಿಭಾಗಗಳಲ್ಲಿ ಸಾಮಾನ್ಯವಾಗಿದ್ದರೂ, ಇಂಥ ನೋಟಿಸುಗಳಿಗೆ ಉತ್ತರ ಬರೆಯುತ್ತ ಬಂದವರ ಅನುಭವದಲ್ಲಿ ಗಡುವು ಕಾಪಾಡಿದ ಕಂಪನಿಗಳಿಗಿಂತ, ಮೊದಲ ಪರಿಶೀಲನೆಯ ವೇಳೆ ಕಡತಕ್ಕೆ ಸೇರಿದ ಕಾಗದ ಕಾಪಾಡಿದ ಕಂಪನಿಗಳೇ ಹೆಚ್ಚು.

ಪರಿಷ್ಕರಣೆಯ ವಿಚಾರದಲ್ಲಿ ಎಲ್ಲರೂ ಉಲ್ಲೇಖಿಸುವುದು ಮಲಬಾರ್ ಇಂಡಸ್ಟ್ರಿಯಲ್ ಕಂಪನಿ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು. ಆದೇಶ ದೋಷಪೂರಿತವಾಗಿರಬೇಕು, ಆ ದೋಷದಿಂದ ಸರ್ಕಾರದ ವರಮಾನಕ್ಕೆ ಧಕ್ಕೆಯೂ ಆಗಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಆಯುಕ್ತರು ಕೈಹಾಕುವಂತಿಲ್ಲ, ಕಾನೂನು ಒಪ್ಪುವ ಎರಡು ನಿಲುವುಗಳಲ್ಲಿ ಅಧಿಕಾರಿ ಒಂದನ್ನು ಹಿಡಿದಿದ್ದರೆ, ಇನ್ನೊಂದರಿಂದ ಹೆಚ್ಚು ತೆರಿಗೆ ಬರುತ್ತಿತ್ತು ಎಂಬುದಷ್ಟೇ ಧಕ್ಕೆಯೆನಿಸದು ಎಂದು ಆ ತೀರ್ಪು ಹೇಳಿತು. ರಫ್ತು ಲಾಭದ ವಿನಾಯಿತಿಗೆ ಸಂಬಂಧಿಸಿದ ಮ್ಯಾಕ್ಸ್ ಇಂಡಿಯಾ ಪ್ರಕರಣದಲ್ಲಿ 2007ರಲ್ಲಿ ಇದೇ ಸೂತ್ರ ಗಟ್ಟಿಯಾಯಿತು. ಆದರೆ ತೆರಿಗೆದಾರರ ಪರ ವಾದಿಸುವವರು ಕವಚದಂತೆ ಹಿಡಿಯುವ ಈ ಮಲಬಾರ್ ತೀರ್ಪಿನಲ್ಲಿ ಕಂಪನಿ ಸೋತಿತ್ತು ಎಂಬುದು ಹೆಚ್ಚಿನ ಉತ್ತರಪತ್ರಗಳಲ್ಲಿ ಕಾಣಿಸುವುದಿಲ್ಲ. ರಬ್ಬರ್ ತೋಟದ ಮಾರಾಟ ಒಪ್ಪಂದದಲ್ಲಿ ಕೊಳ್ಳುವವರು ಹಣ ಕಟ್ಟಲು ತಡಮಾಡಿದ್ದಕ್ಕೆ ಬಂದ ಪರಿಹಾರವನ್ನು ಕಂಪನಿ ಕೃಷಿ ಆದಾಯದ ನಷ್ಟಕ್ಕೆ ಬಂದದ್ದೆಂದು ತೋರಿಸಿತ್ತು. ಅಧಿಕಾರಿ ಏನನ್ನೂ ವಿಚಾರಿಸದೆ ಅದನ್ನು ಒಪ್ಪಿದ್ದರಿಂದ, ಮನಸ್ಸುಕೊಟ್ಟು ನೋಡದ ಆದೇಶವೇ ದೋಷಪೂರಿತವೆಂದು ನ್ಯಾಯಾಲಯ ಪರಿಷ್ಕರಣೆಯನ್ನು ಎತ್ತಿಹಿಡಿಯಿತು.

ಇದರಿಂದ ಹೊರಡುವ ಪಾಠ ಕಂಪನಿಗಳ ಸಹಜ ಪ್ರವೃತ್ತಿಗೆ ವಿರುದ್ಧವಾದದ್ದು. ಪರಿಶೀಲನೆಯ ಹೊತ್ತಿನಲ್ಲಿ ಅಧಿಕಾರಿ ದೊಡ್ಡ ವೆಚ್ಚವೊಂದರ ಬಗ್ಗೆ ಪ್ರಶ್ನೆ ಕೇಳದಿದ್ದರೆ ಹಣಕಾಸು ವಿಭಾಗ ನಿಟ್ಟುಸಿರು ಬಿಡುತ್ತದೆ; ಕೇಳದ ಆ ಪ್ರಶ್ನೆಯೇ ಎರಡು ವರ್ಷದೊಳಗೆ ಆಯುಕ್ತರ ನೋಟಿಸಿನ ಮೊದಲ ವಾಕ್ಯವಾಗಿ ಮರಳುವುದುಂಟು. ಮಾಡಬೇಕಾಗಿದ್ದ ವಿಚಾರಣೆಯನ್ನು ಮಾಡದೆ ಹೊರಡಿಸಿದ್ದೆಂದು ಆಯುಕ್ತರಿಗೆ ಅನಿಸಿದ ಆದೇಶವನ್ನು ದೋಷಪೂರಿತವೆಂದೇ ಪರಿಗಣಿಸಬೇಕು ಎಂಬ ವಿವರಣೆಯನ್ನು 2015ರಲ್ಲಿ ಕಾಯ್ದೆಗೆ ಸೇರಿಸಿದ ಮೇಲಂತೂ ಈ ಅಪಾಯ ಹೆಚ್ಚಿದೆ. ಪ್ರಶ್ನೆ ಬಂದು, ಒಪ್ಪಂದ ಮತ್ತು ಲೆಕ್ಕದ ಪ್ರತಿಗಳೊಡನೆ ಉತ್ತರ ಸಲ್ಲಿಕೆಯಾಗಿ, ಅಧಿಕಾರಿ ಅದನ್ನು ಒಪ್ಪಿ ಆದೇಶದಲ್ಲಿ ಒಂದು ಮಾತನ್ನೂ ಬರೆಯದಿದ್ದರೆ ಸ್ಥಿತಿ ಬೇರೆ: ಆದೇಶದಲ್ಲಿ ವಿಸ್ತಾರವಾದ ಚರ್ಚೆಯಿಲ್ಲ ಎಂಬ ಮಾತ್ರಕ್ಕೆ ಅದು ದೋಷಪೂರಿತವಾಗದು ಎಂದು ಗೇಬ್ರಿಯಲ್ ಇಂಡಿಯಾ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 1993ರಲ್ಲಿ ಹೇಳಿದ್ದನ್ನು ಅಲ್ಲಿ ನೆಚ್ಚಬಹುದು. ಅಧಿಕಾರಿ ಮತ್ತು ತೆರಿಗೆದಾರ ಎದುರುಬದುರಾಗದೆ ಪೋರ್ಟಲಿನಲ್ಲೇ ನಡೆಯುವ ಈಗಿನ ಫೇಸ್‌ಲೆಸ್ ಪರಿಶೀಲನೆಯಲ್ಲಿ ಬಾಯಿಮಾತಿನ ವಿವರಣೆಗೆ ಎಡೆ ಕಡಿಮೆಯಿರುವುದು ಈ ದೃಷ್ಟಿಯಿಂದ ಅನುಕೂಲವೇ, ಸಲ್ಲಿಕೆಯ ಸ್ವೀಕೃತಿಯನ್ನು ಅಂದೇ ಇಳಿಸಿಟ್ಟುಕೊಳ್ಳುವ ಶಿಸ್ತು ಇದ್ದರೆ.

ಕಡತವನ್ನು ಮತ್ತೆ ತೆರೆಯುವ ಅಧಿಕಾರಕ್ಕೆ ನ್ಯಾಯಾಲಯಗಳು ಹಾಕಿದ ಮಿತಿಯೂ ಇದೇ ಕಡತದ ಸುತ್ತ ಬೆಳೆದದ್ದು. ಪ್ರಾಥಮಿಕ ಸಂಗತಿಗಳನ್ನು ಪೂರ್ತಿಯಾಗಿ ಮುಂದಿಡುವುದು ಕಂಪನಿಯ ಹೊಣೆ, ಅವುಗಳಿಂದ ತೀರ್ಮಾನಕ್ಕೆ ಬರುವುದು ಅಧಿಕಾರಿಯ ಕೆಲಸ ಎಂದು ಕಲ್ಕತ್ತಾ ಡಿಸ್ಕೌಂಟ್ ಪ್ರಕರಣದಲ್ಲಿ 1960ರಲ್ಲೇ ಸ್ಪಷ್ಟವಾಗಿತ್ತು. ಕೆಲ್ವಿನೇಟರ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಅದೇ ದಾಖಲೆಗಳ ಮೇಲೆ ಅಭಿಪ್ರಾಯ ಬದಲಾಯಿತೆಂದು ಕಡತ ತೆರೆಯಲಾಗದು, ಹೊಸದಾಗಿ ಕೈಗೆ ಸಿಕ್ಕ ಖಚಿತ ಆಧಾರ ಬೇಕು, ಇಲ್ಲವಾದರೆ ಮರು ನಿರ್ಧಾರಣೆಯ ಅಧಿಕಾರ ಮರುಪರಿಶೀಲನೆಯ ಅಧಿಕಾರವಾಗಿಬಿಡುತ್ತದೆ ಎಂದಿತು. 2021ರ ತಿದ್ದುಪಡಿ ಅಧಿಕಾರಿಯ ನಂಬಿಕೆಯ ಜಾಗದಲ್ಲಿ ‘ಮಾಹಿತಿ’ಯನ್ನು ತಂದು, ಆಡಿಟ್ ಆಕ್ಷೇಪವನ್ನೂ ಮಾಹಿತಿಯೆಂದು ಗಣಿಸಿತಾದರೂ, ಈ ತತ್ವ ಇನ್ನೂ ಜೀವಂತವೆಂದು ಬಾಂಬೆ ಹೈಕೋರ್ಟ್ ಹೇಳಿದೆ. ನೋಟಿಸಿಗೆ ಮೊದಲು ಕಂಪನಿಯ ಮಾತು ಕೇಳಬೇಕೆಂಬ 148ಎ ಕಲಂ ಬಂದದ್ದೂ ಆಗಲೇ. ಈ ಹಂತದಲ್ಲಿ ಹಳೆಯ ಪ್ರಶ್ನೆ ಮತ್ತು ಉತ್ತರಗಳ ಪ್ರತಿಯನ್ನು ಲಗತ್ತಿಸಿದ ಚಿಕ್ಕ ಪತ್ರ, ತೀರ್ಪುಗಳ ಉದ್ದ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕಾಲಮಿತಿಯ ಲೆಕ್ಕವನ್ನು ಕಡೆಗಣಿಸುವಂತೆಯೂ ಇಲ್ಲ. 2024ರ ತಿದ್ದುಪಡಿಯ ಬಳಿಕ ಮರು ನಿರ್ಧಾರಣೆಯ ನೋಟಿಸಿಗೆ ನಿರ್ಧಾರಣಾ ವರ್ಷ ಮುಗಿದು ಮೂರು ವರ್ಷ ಮೂರು ತಿಂಗಳು ಸಾಮಾನ್ಯ ಗಡುವು. ತಪ್ಪಿಹೋದ ಆದಾಯ 50 ಲಕ್ಷ ರೂಪಾಯಿ ಅಥವಾ ಹೆಚ್ಚು ಎನ್ನುವಂತಿದ್ದರೆ ಐದು ವರ್ಷ ಮೂರು ತಿಂಗಳು. ಪರಿಷ್ಕರಣೆಗೆ, ಮೂಲ ಆದೇಶ ಹೊರಬಿದ್ದ ಹಣಕಾಸು ವರ್ಷ ಮುಗಿದು ಎರಡು ವರ್ಷ. ಇಲ್ಲಿ ಎಡವುವ ಜಾಗವೊಂದಿದೆ: ಒಂದು ವಿಷಯಕ್ಕಾಗಿ ಕಡತ ಮರುತೆರೆದು ಹೊಸ ಆದೇಶ ಬಂದಾಗ, ಆಯುಕ್ತರು ಆ ಹೊಸ ತಾರೀಖಿನಿಂದ ಎರಡು ವರ್ಷ ಎಣಿಸಿ, ಮರು ನಿರ್ಧಾರಣೆಯಲ್ಲಿ ಪ್ರಸ್ತಾಪವೇ ಆಗದ ಮತ್ತೊಂದು ವಿಷಯದ ಮೇಲೆ ನೋಟಿಸ್ ಕಳಿಸುವುದುಂಟು. ಅಂಥ ವಿಷಯಕ್ಕೆ ಎಣಿಕೆ ಮೂಲ ಆದೇಶದಿಂದಲೇ ಶುರುವಾಗುತ್ತದೆ ಎಂದು ಅಳಗೇಂದ್ರನ್ ಫೈನಾನ್ಸ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿರುವುದರಿಂದ, ಉತ್ತರ ಬರೆಯಲು ಕುಳಿತವರು ಮೊದಲು ನೋಡಬೇಕಾದದ್ದು ಮೊಟ್ಟಮೊದಲ ಆದೇಶದ ತಾರೀಖನ್ನು.